ಹಿತ್ತಲ ಮಾತು: ಚಿತ್ತಾ ಮಳೆಯಲ್ಲಿ ಬಂದ ಪತ್ರಗಳು

ಈ ಸಲದ ಪತ್ರಗಳನ್ನೆಲ್ಲ ಜಗುಲಿ ಮೇಲೆ ಕೂತು ಓದಿದೆ. ಬೆಳಿಗ್ಗೆ ಸುಡುವ ಬಿಸಿಲು, ಸಂಜೆ ನಾಲ್ಕಕ್ಕೆ ಮೋಡ, ಆಮೇಲೆ ಒಂದು ಜೋರು ಮಳೆ. ಚಿತ್ತಾ ನಕ್ಷತ್ರದ ಮಳೆ ಹೀಗೇ. ಬಟ್ಟೆ ಒಣಹಾಕಿ ಗದ್ದೆ ಕಡೆ ಹೋಗುವ ಹಾಗಿಲ್ಲ.

ಹೊಸದಾಗಿ ಓದುವವರಿಗೆ ನನ್ನ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪಾಂಡವಪುರ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ ನಮ್ಮದು 1 ಎಕರೆ 30 ಗುಂಟೆ ಜಮೀನು. 20 ಗುಂಟೆ ವಿಶ್ವೇಶ್ವರಯ್ಯ ನಾಲೆ ಕೆಳಗಿನ ಗದ್ದೆ, ಉಳಿದದ್ದು ಬೆದ್ದಲು. 16 ತೆಂಗಿನ ಮರ, 2 ಹಸು, 9 ಕೋಳಿ, ಮನೆ ಹಿಂದೆ ಹಿತ್ತಲು. ಈ ಮನೆಗೆ ಸೊಸೆಯಾಗಿ ಬಂದು 38 ವರ್ಷ ಆಯಿತು. ನನಗೆ ಗೊತ್ತಿರುವುದರಲ್ಲಿ ಅರ್ಧ ನಮ್ಮತ್ತೆ ಕಲಿಸಿದ್ದು. ಇನ್ನರ್ಧ ಬೆಳೆ, ದನ ಕಳೆದುಕೊಂಡು ಕಲಿತದ್ದು.

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದಿರುವುದು ತೇವದ ಮಾತು. ಈ ಕಾಲದಲ್ಲಿ ನೆಲದಲ್ಲಿ ತೇವ ಉಳಿಯಬೇಕು, ಕಾಳಿನಲ್ಲಿ ಉಳಿಯಬಾರದು. ನಮ್ಮತ್ತೆ ಮಾರ್ನಮಿ ಕಳೆದ ಮಾರನೇ ದಿನದಿಂದ ಇದೇ ಜಪ ಮಾಡುತ್ತಿದ್ದರು.

ಮದ್ದೂರಿನಿಂದ ಒಬ್ಬ ಯುವಕರು: ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ ಅಮ್ಮ. 1 ಎಕರೆ ಬೆದ್ದಲು, 12 ತೆಂಗು, 1 ಹಸು ಇದೆ. ಮುಂಗಾರಿನ ಕೆಲಸವನ್ನು ಅಕ್ಕಪಕ್ಕದವರನ್ನು ನೋಡಿ ಮಾಡಿದೆ. ದಸರಾ ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತಂತೆ ಕಾಣುತ್ತದೆ. ಕೊಯ್ಲಿನವರೆಗೆ ನಾನೂ ಸುಮ್ಮನಿರಬಹುದಾ?

ಸುಮ್ಮನಿರಬೇಡಪ್ಪ. ಅವರೂ ಸುಮ್ಮನೆ ಕೂತಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ನೋಡು, ಯಾರೋ ಗುದ್ದಲಿ ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಡೆಯುತ್ತಿರುತ್ತಾರೆ. ಈ ಕಾಲದ ಕೆಲಸಕ್ಕೆ ಟ್ರ್ಯಾಕ್ಟರ್ ಸದ್ದಿಲ್ಲ, ಕೂಲಿಯವರ ಗುಂಪಿಲ್ಲ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಮಳೆಯ ಲೆಕ್ಕ ತಿಳಿದುಕೋ. ಹಸ್ತ ಸೆಪ್ಟೆಂಬರ್ 27ರ ಸುಮಾರಿಗೆ ಹುಟ್ಟುತ್ತದೆ. ಚಿತ್ತಾ ಅಕ್ಟೋಬರ್ 10-11ಕ್ಕೆ, ಸ್ವಾತಿ 24ರ ಹೊತ್ತಿಗೆ, ವಿಶಾಖ ನವೆಂಬರ್ 6ಕ್ಕೆ. ವಿಶಾಖ ದಾಟಿದರೆ ನಮ್ಮ ಸೀಮೆಗೆ ದೊಡ್ಡ ಮಳೆ ಅಪರೂಪ. ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಎದ್ದರೆ ಎರಡು ಮೂರು ದಿನ ಸೋನೆ ಹಿಡಿಯಬಹುದು, ಅಷ್ಟೆ. ಆಮೇಲೆ ಯುಗಾದಿ ಆಚೀಚೆ ಗುಡುಗುವವರೆಗೂ ಆಕಾಶ ಖಾಲಿ. ಅಂದರೆ ಈಗ ನೆಲದೊಳಗೆ ಇಳಿಯುವ ನೀರಿನಲ್ಲೇ ನಿನ್ನ ಬೆದ್ದಲು, ನಿನ್ನ ತೆಂಗು ಸುಮಾರು ಐದು ತಿಂಗಳು ಬದುಕಬೇಕು. ಇದು ಮನಸ್ಸಿಗೆ ಹತ್ತಿದರೆ ಯಾವ ಕೆಲಸ ಮೊದಲು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಮಳೆ ಬಿದ್ದ ಮಾರನೇ ಬೆಳಿಗ್ಗೆ ಜಮೀನು ಒಂದು ಸುತ್ತು ಬಾ. ಬದು ಎಲ್ಲಿ ಕೊರೆದಿದೆ, ನೀರು ಎಲ್ಲಿಂದ ಓಡಿದೆ, ಮಣ್ಣು ಎಲ್ಲಿ ಹೋಗಿ ಕೂತಿದೆ ಎಂದು ಅವತ್ತೇ ಕಾಣುತ್ತದೆ. ಎರಡು ದಿನ ಬಿಟ್ಟರೆ ಗುರುತು ಮಾಸಿಹೋಗುತ್ತದೆ. ಕೊರೆದ ಕಡೆ ಎರಡು ಕಲ್ಲು, ನಾಲ್ಕು ಗುದ್ದಲಿ ಮಣ್ಣು, ಮೇಲೆ ಹುಲ್ಲಿನ ಹೆಂಟೆ ಹಾಕಿ ತುಳಿ. ಅರ್ಧ ಗಂಟೆಯ ಕೆಲಸ. ನಮ್ಮ ಮೇಲುಗಡೆ ಬದು ಒಂದು ಸಲ ಹೀಗೇ ಅಂಗೈ ಅಗಲ ಕೊರೆದಿತ್ತು. ನಾಳೆ ನೋಡೋಣ ಅಂತ ಬಿಟ್ಟೆ. ಸ್ವಾತಿಯ ಒಂದೇ ರಾತ್ರಿ ಅದು ಆಳುದ್ದ ಕೊರಕಲಾಯಿತು. ಆ ಮಣ್ಣು ವಾಪಸ್ ಬರಲಿಲ್ಲ.

ಆಮೇಲೆ ತೆಂಗು. ಬುಡದಿಂದ ಸುಮಾರು 6 ಅಡಿ ದೂರದವರೆಗೆ ಪಾತಿ ಮಾಡು. ಆಳ ತೆಗೆಯಬೇಡ, ಬೇರು ಮೇಲೇ ಇರುತ್ತದೆ. ಗೊಬ್ಬರದ ಎರಡನೇ ಕಂತು ಹಾಕುವುದಿದ್ದರೆ ನೆಲ ಹಸಿ ಇರುವ ಈಗಲೇ ಹಾಕು. ಅದರ ಮೇಲೆ ಮುಚ್ಚಿಗೆ. ಒಣಗರಿಯನ್ನು ಮೂರು ತುಂಡು ಮಾಡಿ ಹರಡು. ತೆಂಗಿನ ಸಿಪ್ಪೆ, ಹೊಂಗೆ ಸೊಪ್ಪು, ಕಬ್ಬಿನ ರವದಿ, ಯಾವುದು ಸಿಕ್ಕರೂ ಸರಿ. ಬುಡಕ್ಕೆ ಒತ್ತಿ ರಾಶಿ ಹಾಕಬೇಡ, ಒಂದು ಗೇಣು ಬಿಡು. ಗರಿಗೆ ಬೆಂಕಿ ಹಾಕುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಜನವರಿಯಲ್ಲಿ ಮುಚ್ಚಿಗೆ ಸರಿಸಿ ಕೈ ಇಟ್ಟು ನೋಡು, ಕೆಳಗಿನ ಮಣ್ಣು ತಣ್ಣಗೆ ಇರುತ್ತದೆ. ಪಕ್ಕದ ಬೋಳು ನೆಲ ಅಷ್ಟು ಹೊತ್ತಿಗೆ ಬಿರುಕು ಬಿಟ್ಟಿರುತ್ತದೆ.

ತಿಪ್ಪೆಯನ್ನೂ ಈಗ ಒಂದು ಸಲ ಮಗುಚು. ಒಳಗೆ ಬೆರಳಿನಷ್ಟು ದಪ್ಪದ ಬಿಳಿ ಗೊಣ್ಣೆಹುಳು ಸಿಗುತ್ತವೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡುವುದು ತಿಪ್ಪೆಯಲ್ಲೇ. ಕೋಳಿ ಬಿಟ್ಟರೆ ಸಾಕು, ಒಂದೂ ಉಳಿಸುವುದಿಲ್ಲ. ಮಗುಚಿದ ಮೇಲೆ ಗರಿ ಹೊದಿಸಿಬಿಡು. ಇಲ್ಲದಿದ್ದರೆ ಸಾರವೆಲ್ಲ ಮಳೆ ನೀರಿನ ಜೊತೆ ಚರಂಡಿಗೆ ಹೋಗುತ್ತದೆ.

ಬೆದ್ದಲಿನಲ್ಲಿ ಖಾಲಿ ಜಾಗ ಇದೆಯಾ? ಹುರುಳಿ ಚೆಲ್ಲು. ಎಕರೆಗೆ 10 ಕೆಜಿ ಆಸುಪಾಸು ಬೀಜ ಸಾಕು. ಹದ ಇರುವಾಗ ಒಂದು ಸಾಲು ಉತ್ತು, ಚೆಲ್ಲಿ, ಹಲುಬೆ ಎಳೆದುಬಿಡು. ಹುರುಳಿ ಜಾಸ್ತಿ ಆರೈಕೆ ಕೇಳುವ ಬೆಳೆ ಅಲ್ಲ. ಹುಟ್ಟುವುದಕ್ಕೆ ಒಂದು ಮಳೆ ಬೇಕು, ಆಮೇಲೆ ಮಂಜಿನಲ್ಲೇ ಬೆಳೆಯುತ್ತದೆ ಅನ್ನುತ್ತಾರೆ ನಮ್ಮ ಕಡೆ. ಕಾಳು ಮನೆಗೆ, ಹೊಟ್ಟು ಹಸುವಿಗೆ, ಬೇರು ನೆಲಕ್ಕೆ. ಮಾಘದ ಚಳಿಗೆ ಹುರುಳಿ ಕಟ್ಟಿನ ಸಾರು ನಿನ್ನ ಒಲೆ ಮೇಲೇ ಕುದಿಯಲಿ.

ಸೌದೆ ಮಾತು ಮರೆತಿದ್ದೆ. ಬಿಸಿಲಿದ್ದ ದಿನ ಒಣಗಿಸಿ ಸೂರಿನಡಿ ಜೋಡಿಸಿಡು. ನೆಲಕ್ಕೆ ತಾಗದ ಹಾಗೆ ಕೆಳಗೆ ಎರಡು ಕಲ್ಲಿಡು.

ನಾಗಮಂಗಲದಿಂದ ಒಬ್ಬ ರೈತರು: ರಾಗಿ ಚೆನ್ನಾಗಿ ಬಂದಿತ್ತಕ್ಕ. ಹೋದ ವಾರದ ಮಳೆಗಾಳಿಗೆ ಅರ್ಧ ಎಕರೆ ಮಲಗಿಬಿಟ್ಟಿದೆ. ತೆನೆ ಇನ್ನೂ ಪೂರ್ತಿ ಬಲಿತಿಲ್ಲ. ಕೊಯ್ಯಲಾ, ಬಿಡಲಾ?

ನಿಮ್ಮ ಕಾಗದ ಓದಿ ನನಗೂ ಹೊಟ್ಟೆ ತೊಳೆಸಿದ ಹಾಗಾಯಿತು ಅಣ್ಣ. ನಿಂತ ರಾಗಿ ಮಲಗುವುದನ್ನು ನೋಡುವುದು ಕಷ್ಟ.

ತೆನೆ ಹಾಲಿನಲ್ಲಿದ್ದರೆ ಕೊಯ್ಯಬೇಡಿ, ಏನೂ ಸಿಗುವುದಿಲ್ಲ. ನೀರು ನಿಂತಿದ್ದರೆ ಮೊದಲು ಕಾಲುವೆ ತೋಡಿ ಹೊರಗೆ ಬಿಡಿ. ಬಿದ್ದ ಪೈರನ್ನು ಐದಾರು ಬುಡ ಸೇರಿಸಿ, ಅದರದ್ದೇ ಗರಿಯಿಂದ ಸಡಿಲವಾಗಿ ಕಟ್ಟಿ ನಿಲ್ಲಿಸಿ. ಅರ್ಧ ಎಕರೆಗೆ ಇಬ್ಬರಿಗೆ ಎರಡು ದಿನದ ಕೆಲಸ. ಪೂರ್ತಿ ಆಗದಿದ್ದರೆ ತೆನೆ ನೆಲಕ್ಕೆ ತಾಗಿರುವ ಕಡೆಯಾದರೂ ಮಾಡಿ. ನೆಲಕ್ಕೆ ತಾಗಿದ ತೆನೆ ಒದ್ದೆಯಾದರೆ ಅಲ್ಲೇ ಮೊಳಕೆ ಒಡೆಯುತ್ತದೆ.

ತೆನೆ ಕಂದು ತಿರುಗಿದ ಕಡೆ ಬುಡ ಕೊಯ್ಯುವುದಕ್ಕೆ ಕಾಯಬೇಡಿ. ಕುಡುಗೋಲು ತಗೊಂಡು ಬರೀ ತೆನೆ ಕುಯ್ದು ತನ್ನಿ. ಹುಲ್ಲು ಆಮೇಲೆ ಕೊಯ್ದರಾಯಿತು. ತಂದ ತೆನೆಯನ್ನು ರಾಶಿ ಹಾಕಬೇಡಿ, ಒಳಗೆ ಕಾವು ಏರುತ್ತದೆ. ಜಗುಲಿ, ಕೊಟ್ಟಿಗೆಯ ಒಣ ಮೂಲೆ, ಎಲ್ಲಿ ಸೂರಿದೆಯೋ ಅಲ್ಲಿ ತೆಳ್ಳಗೆ ಹರಡಿ. ಬಿಸಿಲು ಬಂದ ತಕ್ಷಣ ಹೊರಗೆ ತನ್ನಿ. ಗಟ್ಟಿ ನಿಂತಿರುವ ಉಳಿದ ರಾಗಿಯನ್ನು ಮಾಮೂಲಿನಂತೆ ಕೊಯ್ದು, ಹೊಲದಲ್ಲೇ ಒಣಗಿಸಿ, ಗುಪ್ಪೆ ಹಾಕಿ, ಆಮೇಲೆ ಮೆದೆ ಒಟ್ಟಿ. ಮೆದೆಯಲ್ಲಿ ತೆನೆ ಒಳಮುಖ ಇರಲಿ, ಬುಡ ಹೊರಗೆ.

ಇನ್ನು ಮುಂದಿನ ವರ್ಷದ ಮಾತು. ನೀವು ಬರೆದಿರುವ ಲೆಕ್ಕ ನೋಡಿದರೆ ಯೂರಿಯಾ ಜಾಸ್ತಿ ಆಗಿದೆ. ಪೈರು ಕಡು ಹಸಿರಾಗಿ ಎತ್ತರ ಬೆಳೆದಿತ್ತು ಅಂತ ನೀವೇ ಬರೆದಿದ್ದೀರಿ. ಅಷ್ಟು ಎತ್ತರ ಬೆಳೆದ ಪೈರಿಗೆ ಬುಡದಲ್ಲಿ ಗಟ್ಟಿ ಇರುವುದಿಲ್ಲ. ತಳಿಯ ವಿಷಯವನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ವಿಚಾರಿಸಿ. ನಿಮ್ಮ ನೆಲ, ಬಿತ್ತುವ ತಿಂಗಳು ಎರಡನ್ನೂ ಹೇಳಿ ಕೇಳಿ. ನಮಗೆ ಹತ್ತಿರದಲ್ಲೇ ಅಂಥ ಜಾಗ ಇರುವುದು ದೊಡ್ಡ ಭಾಗ್ಯ. ಅಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದವರು. ಇಂಡಿಯಾ, ಆಫ್ರಿಕಾ ಎರಡರ ಹೆಸರೂ ಸೇರಿ ಇಂಡಾಫ್. ನಮ್ಮ ಮಾವನವರು ಮೊದಲ ಸಲ ಇಂಡಾಫ್ ಹಾಕಿದ ವರ್ಷ ತೆನೆಯನ್ನು ಮನೆ ಮನೆಗೆ ತೋರಿಸಿಕೊಂಡು ಬಂದರಂತೆ. ಆ ತೆನೆಯ ಗಾತ್ರದ ಮಾತು ನಾನು ಮದುವೆಯಾಗಿ ಬಂದಾಗಲೂ ಮನೆಯಲ್ಲಿ ನಡೆಯುತ್ತಿತ್ತು. ನಾವು ದಿನಾ ಉಣ್ಣುವ ಮುದ್ದೆಯ ಹಿಂದೆ ಅಂಥವರ ದುಡಿಮೆ ಇದೆ.

ಮಳವಳ್ಳಿಯಿಂದ ಒಬ್ಬ ಗೃಹಿಣಿ: ಹೋದ ವರ್ಷ ಊಟಕ್ಕೆಂದು ಇಟ್ಟ ಭತ್ತ ಮುಗ್ಗಲು ಹಿಡಿಯಿತು. ಅನ್ನ ಮಾಡಿದರೆ ವಾಸನೆ. ಈ ವರ್ಷ ಹಾಗಾಗದಂತೆ ಈಗಿನಿಂದಲೇ ಏನು ಮಾಡಬೇಕು?

ನೀವು ಈಗಲೇ ಕೇಳಿದ್ದು ಒಳ್ಳೆಯದಾಯಿತು ತಂಗಿ. ಕೊಯ್ಲಿನ ದಿನ ಕೇಳಿದ್ದರೆ ತಡವಾಗುತ್ತಿತ್ತು.

ಇದೇ ತಪ್ಪು ನಾನೂ ಮಾಡಿದ್ದೇನೆ. ಆ ವರ್ಷ ನಾಲೆಗೆ ನೀರು ತಡವಾಗಿ ಬಿಟ್ಟರು. ಕನ್ನಂಬಾಡಿ ಕಟ್ಟೆ ಬೇಗ ತುಂಬಿ 124.80 ಅಡಿ ಮುಟ್ಟಿದರೆ ನಮ್ಮ ನಾಟಿಯೂ ಬೇಗ, ಅದು ತಡವಾದರೆ ನಮ್ಮದೆಲ್ಲ ತಡ. ನಾಟಿ ಹಿಂದೆ ಬಿದ್ದು, ಕೊಯ್ಲಿನ ಹೊತ್ತಿಗೆ ಸೈಕ್ಲೋನ್ ಮೋಡ ಹಿಡಿಯಿತು. ಮೆಷಿನ್ ಸಿಕ್ಕಿದ ದಿನವೇ ಕೊಯ್ಸಿಬಿಟ್ಟೆವು. ಎರಡು ದಿನ ಎಳೆಬಿಸಿಲಿಗೆ ಹಾಕಿ, ಒಣಗಿತು ಅಂದುಕೊಂಡು 6 ಮೂಟೆ ಕಟ್ಟಿದೆ. ಮೂರನೇ ವಾರ ಒಂದು ಮೂಟೆಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಬಾಣಂತಿ ಕೋಣೆಯ ಬಿಸಿ. ಸುರಿದು ನೋಡಿದರೆ ಒಳಗೆಲ್ಲ ಹೆಂಟೆ ಹೆಂಟೆ. ನಾಲ್ಕು ಮೂಟೆ ಕೋಳಿಗೂ ಹಾಕಲಿಲ್ಲ, ಬೂಷ್ಟು ಹಿಡಿದ ಕಾಳು ಕೋಳಿಗೂ ವಿಷ. ತಿಪ್ಪೆಗೆ ಸುರಿಯುವಾಗ ನಮ್ಮತ್ತೆ ಒಂದು ಮಾತೂ ಆಡದೆ ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಮೆಷಿನ್‌ನಿಂದ ಬಂದ ಭತ್ತದಲ್ಲಿ ತೇವ 20ಕ್ಕಿಂತ ಮೇಲೇ ಇರುತ್ತದೆ, ನೂರಕ್ಕೆ. ಮಾರುವುದಕ್ಕೆ 14ಕ್ಕೆ ಇಳಿದರೆ ನಡೆಯುತ್ತದೆ. ತಿಂಗಳುಗಟ್ಟಲೆ ಇಡುವುದಕ್ಕೆ 12ರಿಂದ 13ಕ್ಕೆ ಬರಬೇಕು. ಹಿಂದೆ ಕೈಯಲ್ಲಿ ಕೊಯ್ದು, ಅರಿ ಹಾಕಿ, ಗದ್ದೆಯಲ್ಲೇ ಮೂರ್ನಾಲ್ಕು ದಿನ ಬಿಟ್ಟು, ಆಮೇಲೆ ಮೆದೆ ಒಟ್ಟುತ್ತಿದ್ದೆವು. ಬಡಿಯುವ ಹೊತ್ತಿಗೆ ಕಾಳು ತಾನಾಗಿ ಒಣಗಿರುತ್ತಿತ್ತು. ಈಗ ಒಂದು ಗಂಟೆಯಲ್ಲಿ ಕೊಯ್ದು ಚೀಲಕ್ಕೆ ತುಂಬಿಬಿಡುತ್ತದೆ. ಒಣಗಿಸುವ ಕೆಲಸ ಪೂರ್ತಿ ನಮ್ಮ ಮೇಲೇ ಬಿತ್ತು. ಇದನ್ನು ನಾವು ಹೆಂಗಸರು ಬೇಗ ತಿಳಿದುಕೊಳ್ಳಬೇಕು. ಮೂಟೆ ಬಿಚ್ಚಿ ಅಕ್ಕಿ ಮಾಡಿಸುವವರು ನಾವೇ ಅಲ್ವಾ?

ಹಾಗಾಗಿ ಕೊಯ್ಲಿಗೆ ಹತ್ತು ದಿನ ಇರುವಾಗಲೇ ಗದ್ದೆಯ ನೀರು ಬಸಿದುಬಿಡಿ. ಊಟಕ್ಕೆ ಇಡುವ ಭತ್ತವನ್ನು ಮಂಜು ಆರಿದ ಮೇಲೆ, ಅಂದರೆ ಬೆಳಿಗ್ಗೆ ಹತ್ತು ದಾಟಿದ ಮೇಲೆ ಕೊಯ್ಸಿ. ಟಾರ್ಪಾಲು ಎರಡು ಈಗಲೇ ತಂದಿಡಿ, ಒಂದು ಹಾಸುವುದಕ್ಕೆ, ಒಂದು ಹೊದಿಸುವುದಕ್ಕೆ. ಎರಡು ಬೆರಳು ದಪ್ಪಕ್ಕಿಂತ ಜಾಸ್ತಿ ಹರಡಬೇಡಿ, ಗಂಟೆಗೊಮ್ಮೆ ಕಾಲಾಡಿಸಿ. ಸಂಜೆ ಮಂಜು ಬೀಳುವ ಮುಂಚೆ ಒಟ್ಟು ಮಾಡಿ ಮುಚ್ಚಿ. ಇಡೀ ದಿನ ಒಣಗಿದ್ದನ್ನು ಒಂದು ರಾತ್ರಿಯ ಮಂಜು ವಾಪಸ್ ಒದ್ದೆ ಮಾಡುತ್ತದೆ. ಗಟ್ಟಿ ಬಿಸಿಲಿದ್ದರೆ ಮೂರು ದಿನ ಸಾಕು. ಮೋಡ ಇದ್ದರೆ ಐದಾರು ದಿನವಾದರೂ ಬೇಕು.

ಒಣಗಿದೆಯಾ ಎಂದು ತಿಳಿಯಲು ಕಾಳನ್ನು ಹಲ್ಲಿನಲ್ಲಿ ಕಡಿಯಿರಿ. ಕಟ್ ಅಂತ ಮುರಿದರೆ ಸರಿ. ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ದಿನ. ರಾಶಿಯ ಮೇಲಿನ ಕಾಳನ್ನಲ್ಲ, ತಳದ ಕಾಳನ್ನು ಕಡಿಯಬೇಕು. ನಾನು ಆ ವರ್ಷ ಮೇಲಿನದ್ದನ್ನು ಕಡಿದಿದ್ದೆ. ಒಣಗಿದ ಮೇಲೆ ಅರ್ಧ ದಿನ ನೆರಳಿನಲ್ಲಿ ಆರಲು ಬಿಡಿ, ಬಿಸಿ ಬಿಸಿ ತುಂಬಬೇಡಿ. ಮೂಟೆ ನೆಲಕ್ಕೂ ಗೋಡೆಗೂ ತಾಗಬಾರದು. ಕೆಳಗೆ ಹಲಗೆ, ಗೋಡೆಯಿಂದ ಒಂದು ಮೊಳ ದೂರ. ಮೊದಲ ತಿಂಗಳು ವಾರಕ್ಕೊಮ್ಮೆ ಮೂಟೆಯೊಳಗೆ ಮೊಣಕೈವರೆಗೂ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ ಅದೇ ದಿನ ಬಿಸಿಲಿಗೆ ಸುರಿಯಿರಿ.

ದಯವಿಟ್ಟು ಟಾರು ರಸ್ತೆ ಮೇಲೆ ಒಣಗಿಸಬೇಡಿ. ಕಷ್ಟ ನನಗೂ ಗೊತ್ತು, ಕಣ ಈಗ ಯಾರ ಮನೆಯಲ್ಲೂ ಉಳಿದಿಲ್ಲ. ಆದರೆ ಕತ್ತಲಲ್ಲಿ ರಾಶಿಯ ಅಂಚಿಗೆ ಇಟ್ಟ ಕಲ್ಲಿಗೆ ಬೈಕ್ ತಾಗಿ ಬಿದ್ದ ಮಕ್ಕಳನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಲ್ಕು ಮನೆಯವರು ಸೇರಿ ಖಾಲಿ ಜಾಗ ಒಂದನ್ನು ಸಗಣಿ ಸಾರಿಸಿ ಕಣ ಮಾಡಿಕೊಳ್ಳಿ. ನಮ್ಮ ಬೀದಿಯಲ್ಲಿ ಈಗ ಹಾಗೇ ಮಾಡುತ್ತೇವೆ, ಸರದಿ ಪ್ರಕಾರ.

ತಿ. ನರಸೀಪುರದಿಂದ ಒಬ್ಬರು: ಮಳೆ ನಿಂತ ಮೇಲೆ ಮೇವು ಎಲ್ಲ ಕಡೆ ಚಿಗುರಿದೆ. ಹಸುವನ್ನು ಸುಮ್ನೆ ಬಿಟ್ಟು ಮೇಯಿಸಬಹುದಾ? ಜೋಳ ಕೊಯ್ದ ಹೊಲದಲ್ಲಿ ಉಳಿದ ಬುಡದಿಂದ ಕೂಳೆಯೂ ಚೆನ್ನಾಗಿ ಒಡೆದಿದೆ.

ಬೇರೆ ಯಾವ ಮಾತನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಜೋಳದ ಎಳೆ ಕೂಳೆಗೆ ದನ ಬಿಡಬೇಡಿ. ಎಳೆ ಜೋಳದಲ್ಲಿ ವಿಷ ಇರುತ್ತದೆ. ಒಣಗಿ ಬಾಡಿದ ಪೈರು ಮಳೆಗೆ ಮತ್ತೆ ಚಿಗುರಿದಾಗ ಅದು ಇನ್ನೂ ಜಾಸ್ತಿ. ದನದ ಹೊಟ್ಟೆಯಲ್ಲಿ ಅದೇ ಸಯನೈಡ್ ಆಗುತ್ತದೆ.

11 ವರ್ಷದ ಹಿಂದೆ ಇದೇ ಚಿತ್ತಾ ಮಳೆಯಲ್ಲಿ ನಮ್ಮ ಒಂದು ಕಡಸು ಹಗ್ಗ ಕಿತ್ತುಕೊಂಡು ಪಕ್ಕದ ಹೊಲದ ಕೂಳೆಗೆ ನುಗ್ಗಿತು. ಅರ್ಧ ಗಂಟೆ ಮೇಯ್ದಿರಬಹುದು. ಹಿಡಿದು ತರುವಾಗಲೇ ಕಾಲು ತಡವರಿಸುತ್ತಿತ್ತು. ಬಾಯಿ ತೆರೆದು ಉಸಿರು ಎಳೆಯಿತು, ಮಲಗಿತು. ಡಾಕ್ಟರಿಗೆ ಸುದ್ದಿ ಮುಟ್ಟುವ ಮುಂಚೆ ಮುಗಿದಿತ್ತು. ಅದು ಮೊದಲ ಗಬ್ಬ ಕಟ್ಟಿ ಮೂರು ತಿಂಗಳಾಗಿತ್ತು. ನಾನು ಆ ಹಗ್ಗ ಹಳೆಯದಾಗಿದೆ, ಬದಲಾಯಿಸಬೇಕು ಎಂದು ವಾರದಿಂದ ಅಂದುಕೊಳ್ಳುತ್ತಿದ್ದೆ.

ಜೋಳ ಹೂ ಬಂದ ಮೇಲೆ ಕೊಡಿ, ಭಯವಿಲ್ಲ. ಚೆನ್ನಾಗಿ ಒಣಗಿಸಿ ಕೊಟ್ಟರೂ ವಿಷ ಇಳಿಯುತ್ತದೆ. ದನ ತಿಂದೇಬಿಟ್ಟಿತು ಅಂದರೆ ಒಂದು ನಿಮಿಷವೂ ಕಾಯಬೇಡಿ. ಇದಕ್ಕೆ ಇಂಜೆಕ್ಷನ್ ಇದೆ, ಬೇಗ ಸಿಕ್ಕರೆ ಜೀವ ಉಳಿಯುತ್ತದೆ. ಪಶು ಆಂಬುಲೆನ್ಸಿಗೆ 1962 ಒತ್ತಿ, ಜೊತೆಗೆ ಹತ್ತಿರದ ಡಾಕ್ಟರಿಗೂ ಫೋನ್ ಮಾಡಿ.

ಬೇರೆ ಚಿಗುರು ಹುಲ್ಲಿಗೆ ಬಿಡಬಹುದು. ಆದರೆ ಖಾಲಿ ಹೊಟ್ಟೆಯಲ್ಲಿ ಬಿಡಬೇಡಿ. ಬೆಳಿಗ್ಗೆ ಎರಡು ಹಿಡಿ ಒಣಹುಲ್ಲು ತಿನ್ನಿಸಿ, ಮಂಜು ಆರಿದ ಮೇಲೆ ಹೊರಡಿಸಿ. ಹಸಿದ ದನ ಒದ್ದೆ ಎಳೆಸೊಪ್ಪು ಗಬಗಬ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ.

ಕೊಟ್ಟಿಗೆ ನೆಲ ಒಣಗಿರಲಿ. ಕೆಚ್ಚಲು ಬಾವು ಬರುವುದು ಇಂಥ ಒದ್ದೆ ದಿನಗಳಲ್ಲೇ ಜಾಸ್ತಿ. ಹಾಲು ಕರೆದ ತಕ್ಷಣ ಮೊಲೆಯ ತೂತು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಆಗ ಹಸು ಗಂಜಲದಲ್ಲಿ ಮಲಗಿದರೆ ಸೋಂಕು ಒಳಗೆ ಹೋಗುತ್ತದೆ. ಕರೆದ ಮೇಲೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಇದು ಖರ್ಚಿಲ್ಲದ ಔಷಧಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಊರಿಗೇ ಬರುತ್ತದೆ. ಹಾಲು ಕಮ್ಮಿ ಆಗುತ್ತದೆ ಅಂತ ಬಚ್ಚಿಡಬೇಡಿ. ಕಮ್ಮಿಯಾದರೂ ಎರಡು ಮೂರು ದಿನ ಅಷ್ಟೆ.

ಮೈಸೂರು ಸರಸ್ವತೀಪುರಂನಿಂದ ಒಬ್ಬರು: ಮನೆ ಹಿಂದೆ ಒಂದು ಮಂಚದಷ್ಟು ಜಾಗ ಇದೆ. ದಸರಾ ಗೊಂಬೆ ಎತ್ತಿಟ್ಟ ಮೇಲೆ ಕೈ ಖಾಲಿ. ಏನು ಹಾಕಲಿ?

ಮಂಚದಷ್ಟು ಜಾಗ ಸಣ್ಣದಲ್ಲ. ಮೆಂತ್ಯ, ಕೊತ್ತಂಬರಿ, ಮೂಲಂಗಿ ಹಾಕಿ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಹಾಕಿ, ಇಲ್ಲದಿದ್ದರೆ ಹುಟ್ಟುವುದು ತಡ. ಒಂದೇ ದಿನ ಎಲ್ಲ ಚೆಲ್ಲಬೇಡಿ. ಹತ್ತು ದಿನಕ್ಕೊಂದು ಸಾಲು ಹಾಕಿದರೆ ಸಂಕ್ರಾಂತಿವರೆಗೂ ಸೊಪ್ಪು ಸಿಗುತ್ತದೆ. ಗೋಡೆ ಬದಿಗೆ ಹೆಬ್ಬಾಳ ಅವರೆ ಹಾಕಿ, ಎಚ್‌ಎ-4 ಅಂತ ಕೇಳಿ. ಹೆಬ್ಬಾಳ ಅಂದರೆ ನಿಮ್ಮ ಮೈಸೂರಿನ ಹೆಬ್ಬಾಳ ಅಲ್ಲ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹಳೆಯ ಕ್ಯಾಂಪಸ್ ಇರುವ ಹೆಬ್ಬಾಳ. ಗಿಡ ಗಿಡ್ಡ, ಯಾವ ತಿಂಗಳು ಹಾಕಿದರೂ ಕಾಯಿ ಬಿಡುತ್ತದೆ. ನೀರು ಹಿಡಿದಿಡುವ ಬಕೆಟ್ಟಿಗೆ ಮುಚ್ಚಳ ಇರಲಿ, ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ.

ಶ್ರೀರಂಗಪಟ್ಟಣದಿಂದ ಒಬ್ಬ ತಾಯಿ: ಹುಲ್ಲಿನ ಮೆದೆ ಮನೆ ಗೋಡೆಗೆ ಅಂಟಿಕೊಂಡೇ ಇದೆ. ಮೊನ್ನೆ ಹಾವು ಕಂಡಿತು. ಮಕ್ಕಳಿರುವ ಮನೆ. ಏನು ಮಾಡಲಿ?

ಮೆದೆ ಮನೆಯಿಂದ ದೂರ ಹೋಗಬೇಕು. ಈ ವರ್ಷದ ಹೊಸ ಹುಲ್ಲು ಬಂದಾಗ ಬೇರೆ ಕಡೆ ಒಟ್ಟಿಸಿ, ಕೆಳಗೆ ಕಲ್ಲು, ಮರ ಹಾಕಿ ಎತ್ತರ ಮಾಡಿಸಿ. ಹಾವು ಬರುವುದು ಇಲಿಗೆ, ಇಲಿ ಬರುವುದು ಕಾಳಿಗೆ. ಕೋಳಿಗೆ ಹಾಕಿದ ಕಾಳನ್ನು ರಾತ್ರಿ ಅಂಗಳದಲ್ಲಿ ಉಳಿಸಬೇಡಿ.

ಗದ್ದೆ ಬಯಲಿನಲ್ಲಿ ಕೊಯ್ಲಿನ ಹೊತ್ತಿಗೆ ಕೊಳಕುಮಂಡಲ ಜಾಸ್ತಿ. ಅದು ಓಡುವ ಹಾವಲ್ಲ, ಬಿದ್ದಲ್ಲೇ ಬಿದ್ದು ಕುಕ್ಕರಿನ ಹಾಗೆ ಬುಸುಗುಡುತ್ತದೆ. ಹುಲ್ಲು ಎತ್ತುವಾಗ ಬರಿಗೈ ಹಾಕಬೇಡಿ, ಮೊದಲು ಕೋಲಿನಲ್ಲಿ ಕೆದಕಿ. ಗದ್ದೆಗೆ ಗಮ್‌ಬೂಟ್ ಹಾಕಿಕೊಂಡು ಹೋಗಿ, ರಾತ್ರಿ ಟಾರ್ಚ್ ಇಲ್ಲದೆ ಹಿತ್ತಲಿಗೆ ಇಳಿಯಬೇಡಿ. ಮಕ್ಕಳನ್ನು ಬರೀ ನೆಲದ ಮೇಲೆ ಮಲಗಿಸಬೇಡಿ. ಕಟ್ಟುಹಾವು ರಾತ್ರಿ ಮನೆಯೊಳಗೆ ಬರುತ್ತದೆ, ಕಚ್ಚಿದರೆ ನೋವೂ ಗೊತ್ತಾಗುವುದಿಲ್ಲ. ಸೊಳ್ಳೆಪರದೆಯ ಅಂಚನ್ನು ಚಾಪೆಯಡಿ ಸಿಕ್ಕಿಸಿ ಮಲಗಿದರೆ ಅದೇ ಒಂದು ರಕ್ಷೆ.

ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಬಾಯಿ ಹಾಕಿ ಹೀರಬೇಡಿ. ಮೂಳೆ ಮುರಿದ ಕೈಕಾಲಿಗೆ ದಬ್ಬೆ ಕಟ್ಟುವ ಹಾಗೆ ಅಲುಗಾಡದಂತೆ ಮಾಡಿ, ಸಿಕ್ಕಿದ ಗಾಡಿಯಲ್ಲಿ ಸೀದಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ನಡೆಸಿಕೊಂಡು ಹೋಗಬೇಡಿ. ಮಂತ್ರ ಹಾಕಿಸುವುದಕ್ಕೆ ಅಂತ ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡಿ. ನಮ್ಮ ಊರಿನಲ್ಲಿ ಹಾಗೆ ನಿಲ್ಲಿಸಿದ ಒಂದು ಗಂಟೆಯಲ್ಲಿ ಒಂದು ಜೀವ ಹೋಗಿದೆ.

ಮೈಸೂರು ಕುವೆಂಪುನಗರದಿಂದ ಒಬ್ಬ ಮಗಳು: ಅಮ್ಮ ತೀರಿಕೊಂಡು ಎರಡು ವರ್ಷ. ಊರಿನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಗಡಿಗೆ ಸಿಕ್ಕಿತು. ಬಾಯಿಗೆ ಬಟ್ಟೆ ಕಟ್ಟಿತ್ತು. ಒಳಗೆ ಬೂದಿ, ಬೂದಿಯಲ್ಲಿ ಅವರೆ ಬೀಜ, ಒಂದು ಪಾವಿನಷ್ಟು. ಇದು ಇನ್ನೂ ಹುಟ್ಟುತ್ತದಾ? ಈಗ ಹಾಕಬಹುದಾ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಮಗಳೇ. ನಿಮ್ಮಮ್ಮ ತಿಳಿದವರು. ಅವರೆಗೆ ಹುಳು ಬೇಗ ಬೀಳುತ್ತದೆ. ಜರಡಿ ಹಿಡಿದ ಒಣ ಬೂದಿ ಕಾಳಿನ ಸಂದು ಸಂದಿಗೆ ತುಂಬಿಕೊಂಡರೆ ಹುಳುವಿಗೆ ಓಡಾಡಲು ಜಾಗ ಇರುವುದಿಲ್ಲ, ತೇವವನ್ನೂ ಬೂದಿ ಎಳೆದುಕೊಳ್ಳುತ್ತದೆ. ನಮ್ಮತ್ತೆಯೂ ಹೀಗೇ ಇಡುತ್ತಿದ್ದರು, ಮೇಲೆ ಒಂದು ಹಿಡಿ ಒಣ ಬೇವಿನ ಸೊಪ್ಪು ಹಾಕಿ. ಹೀಗೆ ಒಣಗಿ ಇದ್ದ ಬೀಜ ಎರಡು ಮೂರು ವರ್ಷ ಜೀವ ಹಿಡಿದಿರುತ್ತದೆ.

ಹತ್ತು ಬೀಜ ತೆಗೆಯಿರಿ. ಚೆನ್ನಾಗಿರುವುದನ್ನೇ ಆರಿಸಬೇಡಿ, ಕೈಗೆ ಬಂದದ್ದನ್ನು ತಗೊಳ್ಳಿ. ಒದ್ದೆ ಬಟ್ಟೆಯಲ್ಲಿ ಸುತ್ತಿ, ತಟ್ಟೆಯಲ್ಲಿಟ್ಟು ಮುಚ್ಚಿ. ಬಟ್ಟೆ ಒಣಗದ ಹಾಗೆ ದಿನಾ ನೀರು ಚಿಮುಕಿಸಿ. ಒಂದು ವಾರ ಬಿಟ್ಟು ಎಣಿಸಿ. ಏಳೆಂಟು ಮೊಳೆತರೆ ಬೀಜ ಗಟ್ಟಿಯಾಗಿದೆ. ಮೂರೇ ಮೊಳೆತರೂ ಬಿಡಬೇಡಿ, ಒಂದು ಗುಣಿಗೆ ನಾಲ್ಕು ಬೀಜ ಹಾಕಿದರಾಯಿತು. ಮೊಳೆತದ್ದನ್ನು ಎಸೆಯಬೇಡಿ, ಅದನ್ನೂ ಕುಂಡಕ್ಕೆ ನೆಡಿ.

ಇದು ಹಳೆಯ ನಾಟಿ ಅವರೆ. ಹೆಬ್ಬಾಳ ಅವರೆಯ ಹಾಗಲ್ಲ, ಹಗಲು ಸಣ್ಣದಾದಾಗ ಮಾತ್ರ ಹೂ ಬಿಡುತ್ತದೆ. ನಿಮ್ಮಮ್ಮ ಇದನ್ನು ಆಷಾಢದಲ್ಲಿ ರಾಗಿ ಜೊತೆ, ಅದರ ನಡುವಿನ ಅಕ್ಕಡಿ ಸಾಲಿಗೆ ಹಾಕಿರುತ್ತಾರೆ. ಬಳ್ಳಿ ಮೂರು ತಿಂಗಳು ಬೆಳೆದು, ರಾಗಿ ಕೊಯ್ಯುವ ಹೊತ್ತಿಗೆ ಹೂವಾಗಿ, ಪುಷ್ಯದ ಮಂಜಿನಲ್ಲಿ ಕಾಯಿ ತುಂಬುತ್ತದೆ. ಮಂಜು ಬಿದ್ದಷ್ಟೂ ಸೊಗಡು ಅನ್ನುವುದು ಈ ಕಾಯಿಗೇ. ಈಗ ಹಾಕಿದರೆ ಹಗಲು ಆಗಲೇ ಸಣ್ಣದಾಗಿರುವುದರಿಂದ ಗಿಡ ಬೆಳೆಯುವ ಮುಂಚೆಯೇ ಹೂ ಬಿಟ್ಟುಬಿಡುತ್ತದೆ. ಗಿಡ ಸಣ್ಣದು, ಕಾಯಿ ಕಮ್ಮಿ. ಸಾರಿಗೆ ಸಾಲುವುದಿಲ್ಲ. ಆದರೆ ಹೊಸ ಬೀಜಕ್ಕೆ ಸಾಕು.

ಅದಕ್ಕೇ ಅರ್ಧ ಪಾವು ಈಗ ಹಾಕಿ. ಬಿಸಿಲು ಬೀಳುವ ಕಡೆ, ಬೆರಳಿನ ಎರಡು ಗೆಣ್ಣು ಆಳ. ಮೊದಲ ಕಾಯಿಗಳನ್ನು ಕೀಳಬೇಡಿ, ಗಿಡದಲ್ಲೇ ಒಣಗಿ ಗಲಗಲ ಅನ್ನಲಿ. ಉಳಿದ ಅರ್ಧ ಪಾವನ್ನು ಒಂದು ದಿನ ಬಿಸಿಲು ಕಾಯಿಸಿ, ಆರಿಸಿ, ಅದೇ ಬೂದಿಯನ್ನೂ ಒಣಗಿಸಿ ಬೆರೆಸಿ, ಅದೇ ಗಡಿಗೆಗೆ ಹಾಕಿ ಬಾಯಿ ಕಟ್ಟಿಡಿ. ಅದು ಆಷಾಢಕ್ಕೆ ಇರಲಿ.